ವಂಶಾವಳಿ ಮುಗಿಯುವವರೆಗೆ

ಡಿಸೆಂಬರ್ ೨೮

ನಮ್ಮ ಮನೆತನದಲ್ಲಿ ಎಲ್ಲರೂ ದಿನಚರಿ ಬರೆಯುತ್ತಾರೆ. ನೆನಪಿಟ್ಟುಕೊಳ್ಳಲು ನಾನು ಬರೆಯಬೇಕಾದ ಅಗತ್ಯವಿಲ್ಲ. ನೋಡಿದ್ದು, ಕೇಳಿದ್ದು ಯಾವುದೂ ತಲೆಯಿಂದ ಹೋಗದಂತೆ ನನ್ನನ್ನು ಮಾಡಿದ್ದಾರೆ. ಆದರೂ ಮನೆಯವರು ಬರೆಯುತ್ತಾರೆಂದ ಮೇಲೆ ನಾನೂ ಬರೆಯಬೇಕು. ಯುದ್ಧಕ್ಕೆ ಬಂದೆನೆಂದು ಪದ್ಧತಿ ಬಿಡಲಾಗುವುದಿಲ್ಲ.

ನಾನು ದೊಡ್ಡಮನೆಯ ಸಿಪಾಯಿ. ಈಗಿನ ಅಜ್ಜಿಯವರ ಮುತ್ತಜ್ಜ ನನ್ನನ್ನು ಮಾಡಿಸಿದರು. ಹಿತ್ತಾಳೆಯ ಎದೆ, ಉಕ್ಕಿನ ಕೈಕಾಲು, ಬಲಭುಜದ ಮೇಲೆ ಮನೆತನದ ಮುದ್ರೆ. ಅಂದಿನಿಂದ ಹೆಬ್ಬಾಗಿಲ ಬಲಗಡೆ ನಿಂತಿದ್ದೆ. ಈ ಯುದ್ಧ ಏಕೆ ಶುರುವಾಯಿತೆಂದು ಹೇಳುವವರು ಈಗ ಸಿಗುವುದು ಕಷ್ಟ. ನಡೆಯುತ್ತಿದೆ. ಮನೆಗೊಬ್ಬರು ಹೊರಡಬೇಕೆಂದು ಕಳೆದ ತಿಂಗಳು ಆಜ್ಞೆ ಬಂತು. ಮೊಮ್ಮಗನ ಸರದಿ. ಅವನಿಗೆ ಅಂದೇ ಶೀತವಾಯಿತು. ಅಜ್ಜಿಯವರು ನನ್ನನ್ನು ಒಳಗೆ ಕರೆದು, ನೀನೂ ಮನೆಯವನೇ ಅಲ್ಲವೇ ಎಂದರು. ಅಷ್ಟು ವರ್ಷಗಳಲ್ಲಿ ಅವರು ಆ ಮಾತು ಹೇಳಿದ್ದು ಅದೇ ಮೊದಲು. ಹೌದೆಂದೆ.

ಯುದ್ಧ ನನಗೆ ಇಷ್ಟವಿಲ್ಲ. ಇದನ್ನು ಹೆದರಿಕೆಯೆಂದು ಯಾರೂ ತಿಳಿಯಬಾರದು. ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ತಿಳಿಯುವ ಪ್ರಶ್ನೆಯೂ ಇಲ್ಲ. ಗುರುತು ಪರಿಚಯವಿಲ್ಲದವರ ಮೇಲೆ ಕೈಮಾಡುವುದು ನಮ್ಮಲ್ಲಿ ನಡೆದುಬಂದಿಲ್ಲ, ಅಷ್ಟೆ.

ನನ್ನನ್ನು ಇಳಿಸಿದ್ದು ಒಂದು ಬೀದಿಯ ಕೊನೆಯಲ್ಲಿರುವ ಬಟ್ಟೆ ಒಗೆದುಕೊಡುವ ಅಂಗಡಿಯಲ್ಲಿ. ನಮ್ಮ ತುಕಡಿಯ ಬಿಡಾರ ಅದೇ. ರಸ್ತೆಯ ಆಚೆ ಬದಿಗೆ ಮಂಚ, ಕುರ್ಚಿ ಮಾರುವ ಅಂಗಡಿ. ಅದು ವೈರಿಗಳ ಬಿಡಾರ. ನಡುವೆ ಎರಡು ಗಾಡಿ ಎದುರುಬದುರಾಗಿ ಹೋಗುವಷ್ಟು ಅಗಲ. ಇಷ್ಟಗಲದ ರಸ್ತೆಗಾಗಿ ಎಷ್ಟೋ ಕಾಲದಿಂದ ಹೊಡೆದಾಟ. ದಾಟಿದವರು ಯಾರೂ ಇಲ್ಲ. ದಾಟಲು ಹೋದವರ ಬೂಟುಗಳನ್ನು ಅಂಗಡಿಯ ಮೂಲೆಯಲ್ಲಿ ಒಂದರ ಪಕ್ಕ ಒಂದು ಜೋಡಿಸಿಟ್ಟಿದ್ದಾರೆ.

ಗಿರಾಕಿಗಳು ಬಿಟ್ಟುಹೋದ ಕೋಟುಗಳು ಚೀಟಿ ಸಮೇತ ಇನ್ನೂ ನೇತಾಡುತ್ತಿವೆ. ನನ್ನನ್ನು ಅವುಗಳ ಸಾಲಿನಲ್ಲಿ ನಿಲ್ಲಿಸಿದರು. ಸಂಜೆಯೊಳಗೆ ಯಾರೋ ನನ್ನ ಎಡಗೈ ಮೇಲೆ ಒದ್ದೆ ಕಾಲುಚೀಲ ಹರವಿದ್ದರು. ಯಾರೆಂದು ವಿಚಾರಿಸಿದೆ. ಅಡುಗೆಯವನಂತೆ.

ಜನವರಿ ೪

ಇಲ್ಲಿರುವವರ ಪೈಕಿ ಹೇಳಬೇಕಾದವರು ಮೂವರು. ನಾಯಕಿಯವರು ಮುಂಚೆ ಬಸ್ ಡಿಪೋದಲ್ಲಿ ಬಸ್ಸುಗಳ ಹೊತ್ತು ನೋಡುತ್ತಿದ್ದರು. ಈಗಲೂ ಕೊರಳಲ್ಲಿ ಸೀಟಿ. ಏಳುವುದಕ್ಕೆ ಒಂದು ಊದು, ಊಟಕ್ಕೆ ಎರಡು. ಮೂರು ಊದಿದರೆ ಎಲ್ಲರೂ ರಸ್ತೆ ದಾಟಬೇಕು. ತುಕಡಿಯವರು ಅವರನ್ನು ಅಕ್ಕ ಎನ್ನುತ್ತಾರೆ. ಸೇನೆಯಲ್ಲಿ ಅಕ್ಕ ಎಂಬ ಹುದ್ದೆ ಇಲ್ಲ. ಇನ್ನೊಬ್ಬಳು ಹೊಲಿಗೆಯಂತ್ರ ರಿಪೇರಿ ಮಾಡುತ್ತಿದ್ದವಳು, ಈಗ ಬಂದೂಕು ರಿಪೇರಿ ಮಾಡುತ್ತಾಳೆ. ಅವಳನ್ನು ಮೆಕ್ಯಾನಿಕ್ ಎನ್ನುತ್ತಾರೆ. ಮೂರನೆಯವನು ಅಡುಗೆಯವನು. ಮಾತು ಬಹಳ. ಬಟ್ಟೆ ಕುದಿಸುವ ಹಂಡೆಯಲ್ಲಿ ಆಲೂಗಡ್ಡೆ ಬೇಯಿಸುತ್ತಾನೆ. ಸಾಬೂನಿನ ವಾಸನೆ ಬರುತ್ತದೆಂದು ಎಲ್ಲರೂ ಬೈದರೆ, ಹೊಟ್ಟೆಯೂ ಒಂದು ಸಲ ಶುಭ್ರವಾಗಲಿ ಎನ್ನುತ್ತಾನೆ.

ಇವತ್ತು ನಾಯಕಿಯವರು ಎದುರಂಗಡಿಯ ಕಿಟಕಿ ತೋರಿಸಿ ಗುಂಡು ಹಾರಿಸಲು ಹೇಳಿದರು. ನನ್ನ ಕೈ ಏಳಲಿಲ್ಲ. ಕಾರಣ ವಿವರಿಸಿದೆ. ದೊಡ್ಡಮನೆಗಳ ಸಿಪಾಯಿಗಳನ್ನು ಮಾಡುವಾಗಲೇ ಒಂದು ಕಟ್ಟಳೆಯನ್ನು ಒಳಗಿಟ್ಟಿರುತ್ತಾರೆ. ಹೊಡೆಯುವ ಮುಂಚೆ ನಾನು ನಮ್ಮ ಮನೆಯ ವಂಶಾವಳಿಯನ್ನು ಮೊದಲ ದೊರೆಯಿಂದ ಹಿಡಿದು ಇಂದಿನವರೆಗೆ ಒಪ್ಪಿಸಬೇಕು. ಆಮೇಲೆ ಎದುರಾಳಿ ತನ್ನದನ್ನು ಒಪ್ಪಿಸಬೇಕು. ಎರಡೂ ಮುಗಿದ ಮೇಲೆ ಹೊಡೆದಾಟ. ಅಷ್ಟರಲ್ಲಿ ಹೊತ್ತು ಮುಳುಗಿದರೆ ಹೇಳಿದ್ದೆಲ್ಲ ರದ್ದಾಗಿ ಮರುದಿನ ಮೊದಲಿನಿಂದ ಶುರು. ಹಿಂದಿನ ದೊರೆಗಳು ರಾತ್ರಿ ಕುಡಿದು ಮಲಗಿ, ಬೆಳಗ್ಗೆ ಯಾರ ಜೊತೆ ಜಗಳವೆಂದು ಮರೆಯುತ್ತಿದ್ದರಂತೆ. ಅದಕ್ಕಾಗಿ ಈ ಏರ್ಪಾಡು. ಬೇಗ ಬೇಗ ಹೇಳುವಂತಿಲ್ಲ, ಎಳೆಯುವಂತೆಯೂ ಇಲ್ಲ. ಧಾಟಿ ಒಂದೇ. ಎರಡು ದೊಡ್ಡಮನೆಯವರು ವಂಶಾವಳಿ ಹೇಳುತ್ತಿರುವಾಗ ಬೇರೆ ಯಾರೂ ಗುಂಡು ಹಾರಿಸಬಾರದೆಂದು ಎರಡೂ ಸೇನೆಗಳು ಹಿಂದೆಯೇ ಒಪ್ಪಿಕೊಂಡಿವೆ.

ನಾಯಕಿಯವರು ಬಹಳ ಹೊತ್ತು ನನ್ನನ್ನು ನೋಡಿದರು. ಕಟ್ಟಳೆಯನ್ನು ಕಿತ್ತುಹಾಕಬಹುದೇ ಎಂದು ಮೆಕ್ಯಾನಿಕ್‌ಳನ್ನು ಕೇಳಿದರು. ನನ್ನ ಎದೆ ಬಿಚ್ಚಲು ಅಜ್ಜಿಯವರ ಒಪ್ಪಿಗೆ ಬೇಕೆಂದು ತಿಳಿಸಿದೆ. ಹೆಬ್ಬಾಗಿಲ ತಿರುಗಣಿಗೆ ಎಣ್ಣೆ ಹಾಕಲು ಅವರು ಒಪ್ಪಿಗೆ ಕೊಡುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಅದನ್ನೂ ತಿಳಿಸಿದೆ.

ಈಗ ಎಲ್ಲರೂ ನನ್ನನ್ನು ದೊರೆ ಎನ್ನುತ್ತಾರೆ. ಗೌರವದಿಂದ ಎಂದುಕೊಂಡಿದ್ದೇನೆ.

ಜನವರಿ ೧೧

ರಸ್ತೆಯ ನಡುವೆ ನಿಂತು ವಂಶಾವಳಿ ಒಪ್ಪಿಸಿ, ನಿಮ್ಮದು ಯಾವ ಮನೆ ಎಂದು ಎದುರಂಗಡಿಯವರನ್ನು ಕೇಳಿದೆ. ಮೊದಲು ಒಂದು ಕುರ್ಚಿಯ ಕಾಲು ಬಂತು. ಆಮೇಲೆ ಗುಂಡು ಬಂದು ಎದೆ ತಗ್ಗಾಯಿತು. ಮನೆತನವಿಲ್ಲದವರಿಂದ ಬೇರೇನು ನಿರೀಕ್ಷಿಸಲಾದೀತು.

ಮೆಕ್ಯಾನಿಕ್ ಅಂಗಡಿಯ ಹಳೆಯ ಇಸ್ತ್ರಿಪೆಟ್ಟಿಗೆಯನ್ನು ಕಾಯಿಸಿ ತಗ್ಗು ಎತ್ತಿದಳು. ನನ್ನ ಕೀಲೆಣ್ಣೆ ಚಳಿಗೆ ಗಟ್ಟಿಯಾಗಿತ್ತು. ಅದನ್ನು ಅಡುಗೆಯವನ ಒಲೆಯ ಮೇಲಿಟ್ಟು ಬೆಚ್ಚಗೆ ಮಾಡಿ ಹಾಕಿದಳು. ಆಲೂಗಡ್ಡೆ ಬೇಯುವ ಒಲೆಯಲ್ಲಿ ನನ್ನ ಎಣ್ಣೆ ಕಾಯಿಸುವುದು ನನಗೆ ಒಪ್ಪಿಗೆಯಿರಲಿಲ್ಲ. ಯಾರೂ ಕೇಳಲಿಲ್ಲ.

ಜನವರಿ ೨೫

ಕೊನೆಗೂ ಮರ್ಯಾದಸ್ಥರೊಬ್ಬರು ಬಂದರು.

ವೈರಿಗಳು ತಮ್ಮ ಕಡೆಯ ದೊಡ್ಡಮನೆಯೊಂದರಿಂದ ಸಿಪಾಯಿಯನ್ನು ತರಿಸಿದ್ದಾರೆ. ಹಿತ್ತಾಳೆಯ ಎದೆ, ನನಗಿಂತ ಒಂದು ತಲೆ ಎತ್ತರ, ಒಂದು ಕಿವಿ ಇಲ್ಲ. ಕುರ್ಚಿಗಳ ನಡುವಿನಿಂದ ಯಾವುದನ್ನೂ ಬೀಳಿಸದೆ ಹೊರಗೆ ಬಂದದ್ದು ನೋಡಿಯೇ ಒಳ್ಳೆಯ ಮನೆಯವನೆಂದು ತಿಳಿಯಿತು. ಇಬ್ಬರೂ ನಮಸ್ಕಾರ ಮಾಡಿದೆವು. ಈ ರಸ್ತೆಗೆ ಮೊದಲು ಬಂದವನು ನಾನಾದ್ದರಿಂದ ನಾನೇ ಮೊದಲು ಹೇಳಬೇಕು. ಮೊದಲ ದೊರೆ, ಎಡಗೈ ದೊರೆ, ಕುದುರೆಯಿಂದ ಬಿದ್ದ ದೊರೆ, ಅದೇ ಕುದುರೆಯಿಂದ ಬಿದ್ದ ಅವರ ಮಗ, ಹೀಗೆ. ಒಬ್ಬೊಬ್ಬರದೂ ಹುಟ್ಟು, ಸಾಧನೆ, ಮದುವೆ, ಮಕ್ಕಳು. ಅಜ್ಜಿಯವರವರೆಗೆ ಬಂದು ಮುಗಿಸುವಾಗ ಮಧ್ಯಾಹ್ನ ಇಳಿದಿತ್ತು. ಎದುರಿನ ಸಿಪಾಯಿಯವರು ಶುರುಮಾಡಿದರು. ಮೂರನೆಯ ದೊರೆಯ ಹೊತ್ತಿಗೆ ಕತ್ತಲಾಯಿತು. ಮತ್ತೆ ನಮಸ್ಕಾರ ಮಾಡಿ ಅವರವರ ಅಂಗಡಿಗೆ ಹೋದೆವು.

ದಿನವಿಡೀ ಎರಡೂ ಕಡೆ ಒಂದು ಗುಂಡೂ ಹಾರಲಿಲ್ಲ. ಅಡುಗೆಯವನು ಕಿಟಕಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಾನೆ. ಆ ಕುದುರೆಗೆ ಆಮೇಲೆ ಏನಾಯಿತೆಂದು ವಿಚಾರಿಸಿದ. ಇಷ್ಟು ಜನ ದೊರೆಗಳನ್ನು ಬಿಟ್ಟು ಕುದುರೆಯನ್ನು ಕೇಳಿದ.

ಫೆಬ್ರವರಿ ೨

ಹಗಲು ತುಸು ಬೆಳೆದಿದೆ. ಎದುರಿನ ಸಿಪಾಯಿಯವರು ಇವತ್ತು ತಮ್ಮ ಐದನೆಯ ದೊರೆಯವರೆಗೆ ಬಂದರು. ಆ ದೊರೆ ನದಿಯ ದಂಡೆಯಲ್ಲಿ ಗಾಜಿನ ಮನೆ ಕಟ್ಟಿಸಿದವರಂತೆ. ಗಾಜಿನ ಮನೆ ಎಂದ ಕೂಡಲೇ ಗೊತ್ತಾಯಿತು. ಅದು ನಮ್ಮ ಬೀಗರ ಮನೆ.

ನಮ್ಮ ಮನೆಮಗಳನ್ನು ಕೊಟ್ಟಿರುವುದು ಅಲ್ಲಿಗೆ. ಆಗ ಅವರ ಊರು ಈಚೆಯೇ ಇತ್ತು. ಮದುವೆಯ ಮರುವರ್ಷ ಯುದ್ಧದ ಗೆರೆ ಜರುಗಿ ಅವರು ಆಚೆಗಾದರು. ಆಚೆಗಾದ ಮೇಲೆ ಪದ್ಧತಿಯಂತೆ ವೈರಿಗಳೂ ಆದರು. ಅಂದಿನಿಂದ ಅವಳ ಸುದ್ದಿಯಿಲ್ಲ. ಕಾಗದ ಹೋಗುವುದಿಲ್ಲ, ಬರುವುದಿಲ್ಲ. ಆ ಊರಿನ ಮೇಲೆ ಎರಡು ಸಲ ಬಾಂಬು ಬಿತ್ತೆಂದು ಕೇಳಿದ್ದೇನೆ. ಹಾಕಿದ್ದು ನಾವೇ.

ಅವಳ ವಿಷಯ ಬರೆಯುವಂಥದ್ದು ಹೆಚ್ಚೇನಿಲ್ಲ. ಶಾಲೆಯಿಂದ ಬಂದವಳು ಚೀಲವನ್ನು ನನ್ನ ಕೈಗೆ ತಗಲಿಸಿ ಒಳಗೆ ಓಡುತ್ತಿದ್ದಳು. ನನ್ನನ್ನು ಕಬ್ಬಿಣದ ಮಾವ ಎನ್ನುತ್ತಿದ್ದಳು. ಉಕ್ಕು ಎಂದು ತಿದ್ದಿದೆ. ತಿದ್ದಿಕೊಳ್ಳಲಿಲ್ಲ. ಮದುವೆಯಾಗಿ ಹೊರಟ ದಿನ ಮಾವನೂ ಜೊತೆಗೆ ಬರಲಿ ಎಂದು ಹಟ ಹಿಡಿದಳು. ಬಾಗಿಲಿಗೆ ಯಾರು ಗತಿ ಎಂದು ಅಜ್ಜಿಯವರು ಕೇಳಿದರು.

ವಂಶಾವಳಿ ಇಂದಿನವರೆಗೆ ಬರಲೇಬೇಕು. ಬೀಗರ ಸಿಪಾಯಿಯ ಪಟ್ಟಿಯ ಕೊನೆಗೆ ಈಗಿನ ಒಡೆಯರು ಬರುತ್ತಾರೆ. ಅವರ ಹೆಂಡತಿ ಬರುತ್ತಾಳೆ. ಬದುಕಿದ್ದಾಳೆಯೇ ಇಲ್ಲವೇ, ಅದನ್ನೂ ಅವರು ಹೇಳಬೇಕು. ಬಂದಾಗ ನಮಸ್ಕಾರ, ಹೋಗುವಾಗ ನಮಸ್ಕಾರ ಮತ್ತು ಒಂದು ವಿದಾಯದ ಮಾತು, ನಡುವೆ ವಂಶಾವಳಿ, ಇಷ್ಟು ಬಿಟ್ಟು ಬೇರೆ ಮಾತಿಗೆ ಕಟ್ಟಳೆಯಲ್ಲಿ ಜಾಗವಿಲ್ಲ. ಹಾಗಾಗಿ ಕಾಯುವುದೇ ದಾರಿ.

ಫೆಬ್ರವರಿ ೧೯

ಸಂತಾನವಿಲ್ಲದ ದೊರೆಗಳನ್ನು ಬಿಟ್ಟು ಹೇಳಲು ಅವಕಾಶವಿದೆ. ಬಿಟ್ಟೆ. ನನ್ನದು ಬೇಗ ಮುಗಿದಷ್ಟೂ ಅವರಿಗೆ ಹಗಲು ಉಳಿಯುತ್ತದೆ. ಏಳುವ ಸೀಟಿಗೆ ಮುಂಚೆಯೇ ರಸ್ತೆಯಲ್ಲಿದ್ದೆ. ನಾಯಕಿಯವರು ಬಾಗಿಲಿಗೆ ಬಂದು, ಇಷ್ಟು ದಿನ ಯುದ್ಧ ಬೇಡ ಎನ್ನುತ್ತಿದ್ದವನಿಗೆ ಈಗೇನು ಆತುರ ಎಂದು ಕೇಳಿದರು. ಯುದ್ಧಕ್ಕೆ ಆತುರವಿಲ್ಲ ಎಂದು ಮನೆಮಗಳ ವಿಷಯ ತಿಳಿಸಿದೆ.

ಮಾರ್ಚ್ ೮

ಇವತ್ತು ಅಡುಗೆಯವನು ನನ್ನ ಎದುರು ಒಂದು ಬಕೆಟ್ ಬೋರಲು ಹಾಕಿಕೊಂಡು ಕೂತ. ಆಲೂಗಡ್ಡೆ ಸುಲಿಯುತ್ತಿದ್ದ.

“ದೊರೆ, ಅವರ ಪಟ್ಟಿ ಮುಗೀತು ಅಂತಿಟ್ಕೊಳ್ಳಿ. ಮುಂದೆ?”

ಮುಂದೆ ಹೊಡೆದಾಟ ಎಂದೆ.

“ಇಬ್ರಲ್ಲಿ ಒಬ್ರು ಬೀಳ್ತೀರಿ. ಆಮೇಲೆ?”

ಆಮೇಲೆ ನಾಯಕಿಯವರು ಮೂರು ಸೀಟಿ ಊದುತ್ತಾರೆ ಎಂದೆ.

ಅವನು ಚಾಕುವಿನಿಂದ ಮೂಲೆಯ ಕಡೆ ತೋರಿಸಿದ. “ಅಲ್ಲಿ ಆ ಕಂದು ಬೂಟು ಇದೆಯಲ್ಲ, ಅದು ನಮ್ಮ ತಮ್ಮಂದು. ನನಗೆ ಬಿಗಿ. ಇಲ್ದಿದ್ರೆ ಹಾಕ್ಕೋತಿದ್ದೆ.”

ಸ್ವಲ್ಪ ಹೊತ್ತು ಸುಲಿದ.

“ನೀವು ಮಾತು ಶುರು ಮಾಡಿದ ಮೇಲೆ ಆ ಮೂಲೆಗೆ ಹೊಸ ಜೋಡಿ ಬಂದಿಲ್ಲ. ನಿಮ್ಮ ಮನೆ ಹುಡುಗಿ ವಿಷಯ ಅಕ್ಕ ಹೇಳಿದ್ರು. ತಿಳ್ಕೋಬೇಕು ಅನ್ಸೋದು ಸಹಜ. ನಾನೇನೂ ಹೇಳ್ತಿಲ್ಲ.”

ಏನೂ ಹೇಳದಿದ್ದ ಮೇಲೆ ಬಂದು ಕೂತದ್ದೇಕೆಂದು ತಿಳಿಯಲಿಲ್ಲ. ಯುದ್ಧವೆಂದರೆ ಬೀಗರ ಸಿಪಾಯಿ ಮತ್ತು ನಾನು ಎಂದಷ್ಟೇ ಲೆಕ್ಕವಿಟ್ಟಿದ್ದೆ. ಆ ಲೆಕ್ಕದಲ್ಲಿ ಸಣ್ಣ ತಪ್ಪಿದೆ.

ಮಾರ್ಚ್ ೯

ಬಿಟ್ಟ ದೊರೆಗಳನ್ನೆಲ್ಲ ಮ‌ತ್ತೆ ಸೇರಿಸಿದೆ. ಸಂತಾನವಿಲ್ಲವೆಂದು ಹಿರಿಯರನ್ನು ಬಿಡುವುದು ಚೆನ್ನಾಗಿ ಕಾಣುವುದಿಲ್ಲ. ಬೇರೆ ಕಾರಣವಿಲ್ಲ.

ಮಾರ್ಚ್ ೩೦

ಹಗಲು ದಿನದಿನಕ್ಕೂ ಬೆಳೆಯುತ್ತಿದೆ. ನಮ್ಮ ದೊರೆಗಳು ಎಷ್ಟಿದ್ದರೋ ಅಷ್ಟೇ ಇದ್ದಾರೆ. ಬೀಗರ ಸಿಪಾಯಿ ತಮ್ಮ ಪಟ್ಟಿಯಲ್ಲಿ ಗಾಜಿನ ಮನೆ ದಾಟಿ ಮುಂದೆ ಬಂದರು.

ಕಟ್ಟಳೆಯನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡೆ. ಮನೆಯವರು ಎಂದರೆ ಯಾರು ಎಂಬುದಕ್ಕೆ ಅದರಲ್ಲಿ ಸ್ಪಷ್ಟವಾಗಿ, ಒಂದೇ ಒಲೆಯಿಂದ ಪಡೆಯುವವರು ಎಂದಿದೆ. ನನ್ನ ಎಣ್ಣೆ ಬೆಚ್ಚಗಾಗುವುದು ಈ ಚಳಿಗಾಲವಿಡೀ ಅಡುಗೆಯವನ ಒಲೆಯ ಮೇಲೆ. ಅಂದಮೇಲೆ ಅವನನ್ನು ಬಿಟ್ಟು ಹೇಳಿದ ವಂಶಾವಳಿ ಅಪೂರ್ಣ. ಇಷ್ಟು ದಿನ ಅಪೂರ್ಣವಾಗಿಯೇ ಒಪ್ಪಿಸಿದ್ದಕ್ಕೆ ನಾಚಿಕೆಯಾಯಿತು. ನಿಖರತೆಯ ಪ್ರಶ್ನೆ ಇದು.

ಅವನನ್ನು ಕೂರಿಸಿ ಕೇಳಿದೆ. ಅಜ್ಜ ಬಾವಿ ತೋಡುತ್ತಿದ್ದನಂತೆ. ಒಂದು ಬಾವಿಯಲ್ಲಿ ನೀರು ಬರಲಿಲ್ಲವೆಂದು ನಾಚಿಕೊಂಡು ಮೂರು ದಿನ ಮೇಲೆ ಬರಲಿಲ್ಲ. ಅತ್ತೆಯೊಬ್ಬಳು ಸರ್ಕಸ್ಸಿನವರ ಜೊತೆ ಹೋಗಿ, ಆನೆಗಿಂತ ಮ್ಯಾನೇಜರು ಹೆಚ್ಚು ತಿನ್ನುತ್ತಾನೆಂದು ವಾಪಸು ಬಂದಳು. ತಮ್ಮನ ವಿಷಯಕ್ಕೆ ಬಂದಾಗ, ಅವನಿಗೆ ಈಜು ಬರುತ್ತಿತ್ತು, ಸೈಕಲ್ ಬರುತ್ತಿರಲಿಲ್ಲ, ಎಂದಷ್ಟೇ ಹೇಳಿದ. ಅಷ್ಟನ್ನೇ ಸೇರಿಸಿದೆ.

ನಾಳೆ ಮೆಕ್ಯಾನಿಕ್‌ಳನ್ನು ಕೇಳಬೇಕು. ಅವಳಿಗೆ ಏಳು ಜನ ಚಿಕ್ಕಪ್ಪಂದಿರಂತೆ. ಒಳ್ಳೆಯದಾಯಿತು.

ಏಪ್ರಿಲ್ ೧೭

ನಮ್ಮವರು ರಸ್ತೆಯ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದಾರೆ. ಎದುರಿನವರು ಕುರ್ಚಿಗಳನ್ನು ಹೊರಗೆ ತಂದು ಕೂತು ಕೇಳುತ್ತಾರೆ. ಮೆಕ್ಯಾನಿಕ್‌ಳ ಐದನೆಯ ಚಿಕ್ಕಪ್ಪ ಒಂದೇ ಹೆಂಗಸನ್ನು ಎರಡು ಸಲ ಮದುವೆಯಾದ ಭಾಗ ಬಂದಾಗ ಎರಡೂ ಕಡೆ ನಗುತ್ತಾರೆ. ನಾನು ನಗಿಸಲೆಂದು ಹೇಳುತ್ತಿಲ್ಲ.

ಇವತ್ತು ಬೀಗರು, ನಾನು ಹೇಳುತ್ತಿರುವಾಗಲೇ ಕೈ ಎತ್ತಿದರು. ನಿನ್ನೆ ಒಬ್ಬ ಮಲತಾಯಿಯನ್ನು ಮರೆತಿದ್ದರಂತೆ. ಮರೆತವರು ನೆನಪಾದರೆ ಯಾವಾಗ ಬೇಕಾದರೂ ಕೈ ಎತ್ತಿ ಸೇರಿಸಬಹುದು. ಮರೆತುಹೋದವರಿಗೆ ಅವಮಾನವಾಗಬಾರದೆಂದು ಕಟ್ಟಳೆಯೇ ಹಾಗೆ ಹೇಳುತ್ತದೆ. ಮಲತಾಯಿಗೆ ಅರ್ಧ ಗಂಟೆ ಹಿಡಿಯಿತು. ನಮ್ಮ ತರಹದವರು ಯಾವುದನ್ನೂ ಮರೆಯುವುದಿಲ್ಲ. ಬೀಗರೂ ಹಗಲಿನ ಬಗ್ಗೆ ಯೋಚಿಸುತ್ತಿದ್ದಾರೇನೋ.

ಎಡಗೈ ಮೇಲೆ ಇವತ್ತೂ ಕಾಲುಚೀಲಗಳಿದ್ದವು. ಗಾಳಿ ಆಡಲೆಂದು ಕೈಯನ್ನು ಸ್ವಲ್ಪ ಎತ್ತರಕ್ಕೆ ಹಿಡಿದೆ.

ಮೇ ೬

ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬಂದಿದ್ದ. ಈ ರಸ್ತೆಯಲ್ಲಿ ಇಷ್ಟು ತಿಂಗಳಿಂದ ಯಾರೂ ಸಾಯುತ್ತಿಲ್ಲವೇಕೆಂದು ವಿಚಾರಿಸಲು ಬಂದದ್ದು. ಒಂದು ಮಧ್ಯಾಹ್ನವೆಲ್ಲ ನಿಂತು ಕೇಳಿದ. ಆಮೇಲೆ ಪಂಚಾಂಗ ತೆಗೆದು ಇಸ್ತ್ರಿ ಮೇಜಿನ ಮೇಲೆ ಹರಡಿ, ಸೂರ್ಯ ಹುಟ್ಟುವ ಮುಳುಗುವ ಹೊತ್ತುಗಳನ್ನು ನೋಡಿ, ನಮ್ಮ ಇಬ್ಬರ ಪಟ್ಟಿಗಳ ಉದ್ದವನ್ನು ಹಾಕಿ ಲೆಕ್ಕ ಮಾಡಿದ. ಜೂನ್ ಇಪ್ಪತ್ತೊಂದು ವರ್ಷದ ಅತಿ ಉದ್ದದ ಹಗಲು. ಅಂದು ಬೆಳಕಿರುವಾಗಲೇ ಎರಡೂ ಮುಗಿಯುತ್ತವೆ. ಮುಗಿದು ಹೊಡೆದಾಟವಾದ ಕೂಡಲೇ ಇಡೀ ತುಕಡಿ ರಸ್ತೆ ದಾಟಬೇಕು. ತಾನೇ ಬಂದು ನಿಂತು ನೋಡುವುದಾಗಿ ನಾಯಕಿಯವರಿಗೆ ಹೇಳಿದ.

ಲೆಕ್ಕ ಸರಿಯಾಗಿತ್ತು. ನಾನೂ ಏಪ್ರಿಲ್‌ನಲ್ಲೇ ಮಾಡಿದ್ದೆ.

ಮೇ ೨೮

ಬೀಗರು ಈಗಿನ ಒಡೆಯರ ತಂದೆಯವರೆಗೆ ಬಂದರು. ಇನ್ನು ಒಂದೇ ತಲೆಮಾರು.

ಜೂನ್ ೧೩

ಅಕ್ಕ ತಮ್ಮ ಮನೆಯವರ ವಿಷಯ ಇಷ್ಟು ದಿನ ಹೇಳಿರಲಿಲ್ಲ. ಇವತ್ತು ತಾವಾಗಿಯೇ ಬಂದು ಕೂತರು. ತಂದೆ ಬಸ್ ಡ್ರೈವರ್. ಒಂದೇ ದಾರಿಯಲ್ಲಿ ಜೀವಮಾನವಿಡೀ ಬಸ್ ಓಡಿಸಿ, ನಿವೃತ್ತಿಯಾದ ಮರುದಿನ ಅದೇ ದಾರಿಯಲ್ಲಿ ನಡೆದು ಹೋಗಿ ಬಂದರಂತೆ, ಇಷ್ಟು ಹತ್ತಿರ ಇತ್ತಾ ಎಂದರಂತೆ. ಹೇಳಿ ಮುಗಿಸಿ ಸೀಟಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದರು. ಮೂರು ಸಲ ಊದಿದ್ದು ಇಲ್ಲಿಯವರೆಗೆ ನಾಲ್ಕು ಬಾರಿ ಎಂದರು. ಆ ನಾಲ್ಕು ಬಾರಿಯ ಬೂಟುಗಳು ಮೂಲೆಯಲ್ಲಿದ್ದವು. ನಾನು ಅವರ ತಂದೆಯ ಬಸ್ಸಿನ ವಿಷಯವನ್ನು ಇನ್ನೊಂದು ಸಲ ಕೇಳಿದೆ, ವಿವರಗಳಿಗಾಗಿ.

ಅಡುಗೆಯವನು ಈಚೆಗೆ ನನ್ನನ್ನು ನೀನು ಎನ್ನುತ್ತಿದ್ದಾನೆ. ಯಾವತ್ತಿನಿಂದ ಎಂದು ಹುಡುಕಿದರೆ ತಲೆಯಲ್ಲಿ ಸಿಗುತ್ತದೆ. ಹುಡುಕಲಿಲ್ಲ.

ಜೂನ್ ೨೧

ಅಧಿಕಾರಿ ನಿನ್ನೆಯೇ ಬಂದು ಇಸ್ತ್ರಿ ಮೇಜಿನ ಮೇಲೆ ಮಲಗಿದ್ದ. ಸೂರ್ಯ ಹುಟ್ಟಿದ ಕ್ಷಣಕ್ಕೇ ಶುರುವಾಗಬೇಕು, ಅಕ್ಕ ಎಂದಿನಂತೆ ಚಹಾದ ನೆಪದಲ್ಲಿ ತಡಮಾಡುವಂತಿಲ್ಲ ಎಂದು ಆಜ್ಞೆ ಮಾಡಿದ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ.

ದೊರೆಗಳನ್ನು ಹೇಳಿದೆ. ಅಡುಗೆಯವನ ಕಡೆಯವರನ್ನು, ಮೆಕ್ಯಾನಿಕ್‌ಳ ಚಿಕ್ಕಪ್ಪಂದಿರನ್ನು, ಅಕ್ಕನ ತಂದೆಯ ಬಸ್ಸನ್ನು ಹೇಳಿದೆ. ಅಡುಗೆಯವನ ತಂಗಿಯ ಗಂಡನ ಮನೆಯವರು ಬಿಟ್ಟುಹೋದರು. ಅದು ಮುಕ್ಕಾಲು ಗಂಟೆಯ ಭಾಗ. ನಾನು ಮರೆಯುವ ಯಂತ್ರವಲ್ಲ. ಆದರೂ ಬಿಟ್ಟುಹೋದರು. ಕಿಟಕಿಯಲ್ಲಿದ್ದ ಅಡುಗೆಯವನಿಗೆ ಗೊತ್ತಾಯಿತೆಂದು ಕಾಣುತ್ತದೆ. ಅವನು ಒಳಗೆ ಹೋಗಿ ಅಧಿಕಾರಿಗೆ ಊಟಕ್ಕೆ ಹಾಕಿದ.

ಬೀಗರು ಶುರುಮಾಡಿದರು. ಅವರೂ ಒಬ್ಬಿಬ್ಬರು ಮಲತಾಯಿಯರನ್ನು ನೆನಪಿಸಿಕೊಂಡರು. ಆದರೂ ಹೊತ್ತು ಇಳಿಯಲಿಲ್ಲ. ಗಾಜಿನ ಮನೆ ಬಂತು, ಹೋಯಿತು. ಈಗಿನ ಒಡೆಯರ ತಂದೆ ಬಂದರು, ತೀರಿಕೊಂಡರು. ಈಗಿನ ಒಡೆಯರು ಹುಟ್ಟಿದರು, ಬೆಳೆದರು, ದೋಣಿ ಕಲಿತರು. ಸೂರ್ಯ ಇನ್ನೂ ಕುರ್ಚಿ ಅಂಗಡಿಯ ಮಾಡಿನಿಂದ ಒಂದು ಮೊಳ ಮೇಲಿದ್ದ. ಇನ್ನು ಬರುವುದು ಮದುವೆ.

ನನ್ನ ಕತ್ತು ಹಿಂದಕ್ಕೂ ತಿರುಗುತ್ತದೆ. ತಿರುಗಿಸಿದೆ. ಅಧಿಕಾರಿ ಎಲ್ಲರನ್ನೂ ಬಾಗಿಲ ಬಳಿ ಸಾಲಾಗಿ ನಿಲ್ಲಿಸಿದ್ದ. ಅಕ್ಕನ ಬಾಯಲ್ಲಿ ಸೀಟಿ ಇತ್ತು. ಅಡುಗೆಯವನಿಗೆ ತಲೆಯ ಲೋಹದ ಟೋಪಿಯ ಪಟ್ಟಿ ಕಟ್ಟಿಕೊಳ್ಳಲಾಗುತ್ತಿರಲಿಲ್ಲ. ಮೆಕ್ಯಾನಿಕ್ ಅವನ ಗದ್ದದ ಕೆಳಗೆ ಗಂಟು ಹಾಕುತ್ತಿದ್ದಳು. ಅವನು ಏನೋ ಹೇಳಿ ನಗುತ್ತಿದ್ದ. ಅವಳು ನಗುತ್ತಿರಲಿಲ್ಲ. ಅವನು ತನ್ನ ಬೂಟನ್ನು ಚೆನ್ನಾಗಿ ಒರೆಸಿಕೊಂಡಿದ್ದ.

“ಅವರು ಕೈಹಿಡಿದದ್ದು” ಎಂದು ಬೀಗರು ಶುರುಮಾಡಿದರು.

ನಾನು ಕೈ ಎತ್ತಿದೆ.

ಬಿಟ್ಟುಹೋದವರಿದ್ದಾರೆ ಎಂದೆ. ಬೀಗರು ಅಲ್ಲಿಗೇ ನಿಲ್ಲಿಸಿದರು. ಅವರ ಮುಖದಲ್ಲಿ ಏನೂ ಕಾಣುವುದಿಲ್ಲ, ನನ್ನದರಂತೆಯೇ. ಅಡುಗೆಯವನ ತಂಗಿಯ ಗಂಡನ ಮನೆಯವರನ್ನು ಒಬ್ಬರೂ ಬಿಡದಂತೆ ಹೇಳಿದೆ. ಮುಗಿಯಿತು. ಸೂರ್ಯ ಮಾಡಿನ ಅಂಚಿಗೆ ಬಂದಿದ್ದ, ಆದರೆ ಮುಳುಗಿರಲಿಲ್ಲ. ಇನ್ನು ನನ್ನ ಹತ್ತಿರ ಯಾರೂ ಉಳಿದಿರಲಿಲ್ಲ. ಎತ್ತಿದ ಕೈಯನ್ನು ಇಳಿಸಲಿಲ್ಲ. ಬೀಗರು ಕಾದರು.

ಆಗ ಹಿಂದಿನಿಂದ ಅಡುಗೆಯವನ ದನಿ ಬಂತು. “ದೊರೆ, ಸಾಹೇಬ್ರೂ ಮಧ್ಯಾಹ್ನ ನಮ್ಮ ಒಲೇದೇ ತಿಂದಿದ್ದಾರೆ. ಎರಡು ಸಲ ಹಾಕಿಸ್ಕೊಂಡ್ರು.”

ಒಲೆಯ ವಿಷಯ ಒಲೆಯ ವಿಷಯವೇ. ನಾನು ಅಧಿಕಾರಿಯ ಕಡೆ ತಿರುಗಿ, ತಮ್ಮ ತಂದೆಯವರು ಏನು ಮಾಡುತ್ತಿದ್ದರು ಎಂದು ಕೇಳಿದೆ. ಅವನು ಇದೆಲ್ಲ ಬೇಡ, ಮುಂದುವರಿಸು ಎಂದ. ಒಲೆಯವರಲ್ಲಿ ಒಬ್ಬರು ಬಿಟ್ಟುಹೋದರೂ ಹೊಡೆಯಲು ನನ್ನ ಕೈ ಏಳುವುದಿಲ್ಲವೆಂದು ವಿವರಿಸಿದೆ. ಬೈಯಲು ಬಾಯಿ ತೆರೆದ. ಕಚೇರಿಯಲ್ಲಿ ಅವನನ್ನು ಬೇಕಾದಷ್ಟು ಕೇಳುತ್ತಿರಬಹುದು, ಇದನ್ನು ಯಾರೂ ಕೇಳಿರಲಿಲ್ಲವೇನೋ.

“ಗಡಿಯಾರ ರಿಪೇರಿ ಮಾಡ್ತಿದ್ರು,” ಎಂದ. “ಸರಿಯಾಗಿ ಬರ್ತಿರಲಿಲ್ಲ ಅವರಿಗೆ. ನಮ್ಮೂರಲ್ಲಿ ಒಂದೊಂದು ಮನೇಲಿ ಒಂದೊಂದು ಹೊತ್ತು.”

ಎದುರಿನ ಕುರ್ಚಿಗಳಲ್ಲಿ ಯಾರೋ ನಕ್ಕರು. ಅಧಿಕಾರಿ ಅತ್ತ ನೋಡಿದ. ನಗುತ್ತಿದ್ದವರು ವೈರಿಗಳೆಂಬುದು ಆ ಹೊತ್ತಿಗೆ ಅವನಿಗೆ ನೆನಪಿದ್ದಂತೆ ಕಾಣಲಿಲ್ಲ. ಶಾಲೆಗೆ ತಡವಾಯಿತೆಂದು ಊರಿನ ಯಾವ ಹುಡುಗನಿಗೂ ಏಟು ಬೀಳುತ್ತಿರಲಿಲ್ಲ, ಯಾವುದು ಸರಿಯಾದ ಹೊತ್ತೆಂದು ಮೇಷ್ಟರಿಗೂ ಗೊತ್ತಿರಲಿಲ್ಲ ಎಂದ. ಮೆಟ್ಟಿಲಿಳಿದು ರಸ್ತೆಗೆ ಬಂದ. ಅವನು ಒಂದು ವಾಕ್ಯ ಹೇಳುವುದು, ನಾನು ಅದನ್ನು ಧಾಟಿಯಲ್ಲಿ ಒಪ್ಪಿಸುವುದು. ತಂದೆ ಮುಗಿದು ತಾಯಿ ಬಂದಳು. ತಾಯಿಯ ತಾಯಿ ಗಂಡನ ಮೇಲೆ ಸಿಟ್ಟಾಗಿ ಮನೆ ಬಿಟ್ಟು ಹೋಗಿ, ಅಡುಗೆಮನೆಯ ಬೀಗದ ಕೈ ತನ್ನ ಸೊಂಟದಲ್ಲೇ ಉಳಿದಿದೆಯೆಂದು ನೆನಪಾಗಿ ಅರ್ಧ ದಾರಿಯಿಂದ ತಿರುಗಿ ಬಂದ ಕಥೆ ಶುರುವಾಯಿತು. ಅವಳು ಇನ್ನೂ ದಾರಿಯಲ್ಲಿರುವಾಗಲೇ ಸೂರ್ಯ ಕುರ್ಚಿ ಅಂಗಡಿಯ ಹಿಂದೆ ಹೋದ.

ಅಧಿಕಾರಿ ಆಕಾಶ ನೋಡಿದ. ಜೇಬಿನಿಂದ ಪಂಚಾಂಗ ತೆಗೆದು ಅದನ್ನೂ ನೋಡಿದ. ಉಳಿದದ್ದನ್ನು ನಾಳೆ ಹೇಳಬಹುದೇ ಎಂದು ಕೇಳಿದ. ನಾಳೆ ಮೊದಲ ದೊರೆಯಿಂದ ಶುರುವಾಗುತ್ತದೆ, ತಮ್ಮ ಅಜ್ಜಿಯವರೂ ಬರುತ್ತಾರೆ ಎಂದೆ.

ಅಕ್ಕ ಬಾಯಿಯಿಂದ ಸೀಟಿ ತೆಗೆದರು. “ನಾಳೆಯಿಂದ ಹಗಲು ಚಿಕ್ಕದಾಗುತ್ತೆ ಸಾರ್,” ಎಂದರು. ಮತ್ತೆ ಇದೇ ಹಗಲು ಬರುವುದು ಮುಂದಿನ ವರ್ಷ. ಪಂಚಾಂಗದಲ್ಲಿ ಹಾಗೇ ಇದೆ.

ಬೀಗರು ನಮಸ್ಕಾರ ಮಾಡಿದರು. ಹೋಗುವಾಗ ಆಡುವ ಮಾತಿಗೆ ಕಟ್ಟಳೆಯಲ್ಲಿ ಎರಡು ಬಗೆ. ವೈರಿಗಳಿಗೆ ಒಂದು, ನೆಂಟರಿಗೆ ಒಂದು. ಇಷ್ಟು ದಿನ ಇಬ್ಬರೂ ಮೊದಲನೆಯದನ್ನೇ ಆಡುತ್ತಿದ್ದೆವು. ಇವತ್ತು ಅವರು, “ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳಿ” ಎಂದರು.

ಒಳಗೆ ಬಂದು ಹೇಳಿದೆ. ಅಕ್ಕನಿಗೆ ಹೇಳಿದೆ, ಮೆಕ್ಯಾನಿಕ್‌ಗೆ ಹೇಳಿದೆ. ಅಧಿಕಾರಿ ಇಸ್ತ್ರಿ ಮೇಜಿನ ತುದಿಯಲ್ಲಿ ಕೂತು ಕಚೇರಿಗೆ ಏನು ಬರೆಯಬೇಕೆಂದು ಯೋಚಿಸುತ್ತಿದ್ದ, ಅವನಿಗೂ ಹೇಳಿದೆ. ಅಡುಗೆಯವನು ಟೋಪಿಯ ಗಂಟು ಬಿಚ್ಚಲಾಗದೆ ಒದ್ದಾಡುತ್ತಿದ್ದ. ಬಿಚ್ಚಿಕೊಟ್ಟೆ.

“ನನ್ನನ್ನೂ ಕೇಳಿದ್ರಾ?”

ಬಿಡಿಬಿಡಿಯಾಗಿ ಕೇಳಲಿಲ್ಲ, ಎಲ್ಲರೂ ಎಂದರೆ ಮನೆಯವರೆಲ್ಲ, ಅದರಲ್ಲಿ ನೀನೂ ಬಂದೆ ಎಂದೆ.

ಅವನು ಗದ್ದ ಉಜ್ಜಿಕೊಂಡ. ಒಲೆಯ ಕಡೆ ಹೊರಟವನು ನಿಂತು, “ಹಾಗಾದ್ರೆ ಅವರ ಮನೇಲೂ ಎಲ್ಲರನ್ನೂ ಕೇಳಿದ್ವಿ ಅಂತ ನಾಳೆ ಹೇಳು,” ಎಂದ.

ಹೇಳಬೇಕು. ಎಲ್ಲರೂ ಎಂದರೆ ಅವಳೂ ಬಂದಳು. ಇದ್ದರೆ.